ಮಳೆಗಾಲ ದಾಟುವ ಕ್ರಿಸ್ಮಸ್ ಅಲಂಕಾರ: ಮಕ್ಕಳ ಕೈ ಸೇರುವ ತನಕ ಉಳಿಯಬೇಕಾದರೆ ಯಾವುದರಲ್ಲಿ ಮಾಡಬೇಕು, ಹೇಗೆ ಇಡಬೇಕು?

ಬೇಳದಕ್ಕ · ನವೆಂಬರ್ 6, ರಾತ್ರಿ 9:10

ಮಗುವಿನ ಮೊದಲ ಕ್ರಿಸ್ಮಸ್‌ಗೆ ಪಾದದ ಅಚ್ಚು ತೆಗೆದು ಮರಕ್ಕೆ ತೂಗುಹಾಕುವಂತೆ ಮಾಡಬೇಕು. ವಿಡಿಯೋಗಳಲ್ಲಿ ಎಲ್ಲರೂ ತೋರಿಸುವುದು ಉಪ್ಪುಹಿಟ್ಟು: 2 ಕಪ್ ಮೈದಾ, 1 ಕಪ್ ಪುಡಿಉಪ್ಪು, ಮುಕ್ಕಾಲರಿಂದ 1 ಕಪ್ ನೀರು, ಓವನ್‌ನಲ್ಲಿ 120 ಡಿಗ್ರಿಗೆ 2–3 ಗಂಟೆ. ಮಗು ದೊಡ್ಡದಾಗಿ ಬೇರೆ ಮನೆ ಮಾಡುವಾಗ ಕೈಗೆ ಕೊಡುವಷ್ಟು ಕಾಲ ಇದು ಉಳಿದೀತೇ? ಮುಂದೆ ವರ್ಷಕ್ಕೊಂದರಂತೆ ಸೇರಿಸುತ್ತಾ ಹೋಗುವ ಯೋಚನೆಯೂ ಇದೆ. ನಮ್ಮಲ್ಲಿ ಮರವೆಂದರೆ ಗಾಳಿಮರದ (ಸರ್ವೆ) ಕೊಂಬೆ, ಪಕ್ಕದಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. ಇವಕ್ಕೆ ಒಗ್ಗುವಂಥದ್ದು ಏನು, ಇಡುವುದು ಹೇಗೆ, ತಿಳಿದವರು ವಿವರವಾಗಿ ಬರೆಯಿರಿ.

ಆವೆಮಣ್ಣು · ನವೆಂಬರ್ 6, ರಾತ್ರಿ 10:25

ಉಪ್ಪುಹಿಟ್ಟು ಬೇಡ ಅಕ್ಕ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರೆಳೆದು ಕರಗಲು ಶುರುಮಾಡುತ್ತದೆ. ಜೂನ್ ಬಂತೆಂದರೆ ಉಪ್ಪಿನ ಭರಣಿ ಒದ್ದೆಯಾಗುವುದು ಇದೇ ಕಾರಣಕ್ಕೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ. ಆ ನಾಲ್ಕು ತಿಂಗಳು ತೇವಾಂಶ 85ರ ಆಸುಪಾಸಿನಿಂದ ಇಳಿಯುವುದೇ ಅಪರೂಪ. ಅಂಥಲ್ಲಿ ಉಪ್ಪುಹಿಟ್ಟಿನ ಬಿಲ್ಲೆಯ ಹಿಂಬದಿ ಮೊದಲು ಅಂಟಂಟಾಗುತ್ತದೆ. ಆಮೇಲೆ ತೂತಿನ ಸುತ್ತ ಮೆತ್ತಗಾಗಿ ದಾರ ಬಿಲ್ಲೆಯನ್ನೇ ಸೀಳಿಕೊಂಡು ಹೊರಬರುತ್ತದೆ. ಮತ್ತೆ ಒಣಗಿದಾಗ ಬಣ್ಣದಡಿ ಉಪ್ಪಿನ ಹರಳು ಬೆಳೆದು ಬಣ್ಣವನ್ನು ಎಬ್ಬಿಸುತ್ತದೆ. ಮೈದಾ ಇರುವುದರಿಂದ ಜಿರಲೆ, ಇರುವೆಯ ಕಾಟ ಬೇರೆ. ವರ್ಷವಿಡೀ ಒಣಹವೆ ಇರುವ ಊರಿನಲ್ಲಿ ನಡೆಯುವ ವಿಧಾನ ಅದು.

ಪಾದದ ಅಚ್ಚಿಗೆ ಸುಟ್ಟ ಮಣ್ಣಿಗಿಂತ ಒಳ್ಳೆಯದಿಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅಂದಿನಿಂದ ಈ ಕರಾವಳಿಯ ಮಳೆಗೆ ತಲೆಯೊಡ್ಡಿ ನಿಂತಿರುವುದು ಇದೇ ವಸ್ತು.

ಕುಂಬಾರರಿಂದ ತುಳಿದು ಹದಮಾಡಿದ ಮಣ್ಣು ಅರ್ಧ ಕಿಲೋ ತನ್ನಿ. ಒಡೆದ ಮಡಕೆಯ ಪುಡಿಯನ್ನೋ ನಯವಾದ ಮರಳನ್ನೋ ಹತ್ತಕ್ಕೆ ಒಂದು ಪಾಲು ಬೆರೆಸಿ ಕೊಡಲು ಅವರಿಗೇ ಹೇಳಿ, ಬಿರುಕು ಕಡಿಮೆಯಾಗುತ್ತದೆ. ನಾದುವಾಗ ಉಂಡೆಯನ್ನು ತಂತಿಯಿಂದ ಎರಡಾಗಿ ಕೊಯ್ದು ನೋಡಿ. ಒಳಗೆ ಗಾಳಿಯ ಗುಳ್ಳೆ ಕಂಡರೆ ಮತ್ತೆ ನಾದಿ, ಅಲ್ಲಿ ತೇವ ಉಳಿದುಬಿಟ್ಟರೆ ಬೆಂಕಿಯಲ್ಲಿ ಆ ಜಾಗ ಸಿಡಿಯಬಹುದು. 7 ಮಿ.ಮೀ. ದಪ್ಪದ ಎರಡು ಪಟ್ಟಿಗಳನ್ನು ಮಣ್ಣಿನ ಆಚೆ ಈಚೆ ಇಟ್ಟು, ಅವುಗಳ ಮೇಲೆ ಲಟ್ಟಣಿಗೆ ಓಡಿಸಿದರೆ ದಪ್ಪ ಎಲ್ಲ ಕಡೆ ಒಂದೇ ಬರುತ್ತದೆ. ದಪ್ಪ ಹೆಚ್ಚುಕಡಿಮೆಯಾದರೆ ತೆಳುವಾದ ಕಡೆ ಬೇಗ ಒಣಗಿ ಎಳೆಯುತ್ತದೆ, ಬಿಲ್ಲೆ ದೋಣಿಯಂತೆ ಬಾಗುತ್ತದೆ.

ಮಗು ಹಾಲು ಕುಡಿದು ಮಲಗಿದ ಹೊತ್ತೇ ಸರಿ. ಮೊದಲು ಹಿಮ್ಮಡಿ ಒತ್ತಿ, ಆಮೇಲೆ ಪಾದದ ಹೊರ ಅಂಚು, ಕೊನೆಗೆ ಬೆರಳುಗಳನ್ನು ಒಂದೊಂದಾಗಿ. ಮೇಲೆತ್ತುವುದು ನೇರವಾಗಿ, ಜಾರಿಸಿದರೆ ಬೆರಳಿನ ಗುರುತು ಎರಡೆರಡಾಗುತ್ತದೆ. ಆಮೇಲೆ 11 ಸೆಂ.ಮೀ. ಡಬ್ಬಿಯ ಬಾಯಿಯಿಂದ ದುಂಡಗೆ ಕೊಯ್ಯಿರಿ. ಅಂಚಿನಿಂದ 12 ಮಿ.ಮೀ. ಒಳಗೆ, ಜ್ಯೂಸ್ ಕುಡಿಯುವ ಕೊಳವೆಯಿಂದ 5 ಮಿ.ಮೀ. ತೂತು. ಹೆಸರು, ವರ್ಷವನ್ನು ಹಸಿಯಲ್ಲೇ ತೆಂಗಿನ ಕಡ್ಡಿಯಿಂದ ಬರೆಯಬೇಕು.

ಒಣಗಿಸುವುದು ನೆರಳಿನಲ್ಲಿ, 10 ದಿನ. ಮೊದಲ ಎರಡು ದಿನ ಮೇಲೊಂದು ಬಟ್ಟೆ ಮುಚ್ಚಿ, ದಿನಕ್ಕೊಮ್ಮೆ ಮಗುಚಿ. ಬಿಸಿಲಿಗಿಟ್ಟರೆ ಅಂಚು ಬಿರಿಯುತ್ತದೆ. ಕೆನ್ನೆಗೆ ತಾಗಿಸಿ ನೋಡಿ, ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಎಂದೇ ಅರ್ಥ. ಪೂರ್ತಿ ಒಣಗಿದ ಮೇಲೆ ಕುಂಬಾರರ ಆವೆಯಲ್ಲಿ ಮಡಕೆಗಳ ನಡುವೆ ಇಟ್ಟು ಸುಡಿಸಿ. ಒಣಗಿ ಸುಟ್ಟು ಬರುವಷ್ಟರಲ್ಲಿ ಶೇಕಡಾ 8–10 ಕುಗ್ಗುತ್ತದೆ. ಪಾದ 8 ಸೆಂ.ಮೀ. ಇದ್ದರೆ ಅಚ್ಚು 7.3ರ ಹತ್ತಿರ ನಿಲ್ಲುತ್ತದೆ. ಅಳತೆಯೂ ನೆನಪಿಗೆ ಬೇಕೆಂದಿದ್ದರೆ ಹಿಂಬದಿಯಲ್ಲಿ ಬರೆದಿಡಿ. ತೂಕ ಸುಮಾರು 100 ಗ್ರಾಂ ಬರುವುದರಿಂದ ಗಾಳಿಮರದ ತುದಿಗೆ ಕಟ್ಟಬೇಡಿ, ಕಾಂಡದ ಹತ್ತಿರ ಹೆಬ್ಬೆರಳು ದಪ್ಪ ಇರುವಲ್ಲಿ ಕಟ್ಟಿ.

ಬೇಳದಕ್ಕ · ನವೆಂಬರ್ 7, ಬೆಳಿಗ್ಗೆ 6:40

ತುಂಬಾ ಉಪಕಾರ. ನಾದಿನಿಯ ಮನೆಯಲ್ಲಿ ಕಳೆದ ವರ್ಷ ಉಪ್ಪುಹಿಟ್ಟಿನಲ್ಲೇ ಮಾಡಿದ ಅಚ್ಚೊಂದಿದೆ. ಆ ಮಗುವಿನ ಪಾದ ಈಗ ಬೆಳೆದಾಗಿದೆ, ಮತ್ತೆ ಮಾಡುವಂತಿಲ್ಲ. ವಾರ್ನಿಶ್ ಮೂರು ಕೈ ಹೊಡೆದರೆ ಉಳಿದೀತೇ?

ಗೆರಟೆ ಕುಂಬಳೆ · ನವೆಂಬರ್ 7, ಬೆಳಿಗ್ಗೆ 11:15

ವಾರ್ನಿಶ್ ನೀರಾವಿಯನ್ನು ನಿಧಾನಿಸುತ್ತದೆ, ತಡೆಯುವುದಿಲ್ಲ. ತೂತಿನ ಒಳಗೋಡೆಗೆ ಕುಂಚ ತಲುಪುವುದೂ ಇಲ್ಲ, ತೇವ ಅಲ್ಲಿಂದಲೇ ನುಗ್ಗುತ್ತದೆ. ಅದರ ಪಡಿಯಚ್ಚು ತೆಗೆಯುವುದೇ ದಾರಿ. ನವೆಂಬರ್ ಕೊನೆ, ಡಿಸೆಂಬರ್‌ನ ಒಣಹವೆಯಲ್ಲಿ ಮಾಡಿ.

ಬಿಲ್ಲೆಯನ್ನು ಎರಡು ದಿನ ಬೆಳಗಿನ ಎಳೆ ಬಿಸಿಲಿಗಿಟ್ಟು ಒಣಗಿಸಿ. ತಟ್ಟೆಯಲ್ಲಿ ಮರಳು ಹರಡಿ ಅದರ ಮೇಲೆ ಬಿಲ್ಲೆಯನ್ನು ಕೂರಿಸಿ, ಅಡಿಯಲ್ಲಿ ಟೊಳ್ಳು ಉಳಿದರೆ ಒತ್ತುವಾಗ ಮುರಿಯುತ್ತದೆ. ಮೇಲ್ಮೈಗೆ ವ್ಯಾಸಲೀನ್ ಕಂಡೂ ಕಾಣದಷ್ಟು ತೆಳುವಾಗಿ ಸವರಿ. ಮಕ್ಕಳು ಆಡುವ ಎಣ್ಣೆಜೇಡಿಯನ್ನು, ಅಂದರೆ ಒಣಗದೇ ಉಳಿಯುವ ಬಣ್ಣದ ಮೇಣದಂಥ ಜೇಡಿಯನ್ನು, ಅಂಗೈಯಲ್ಲಿ ಬೆಚ್ಚಗೆ ಮಾಡಿ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ಬನ್ನಿ. ನೀರಿನಿಂದ ಕಲಸುವ ಯಾವ ಅಚ್ಚುಪುಡಿಯನ್ನೂ ಇದರ ಮೇಲೆ ಹಾಕಬಾರದು, ಉಪ್ಪು ಕರಗುತ್ತದೆ. ಜೇಡಿಯನ್ನು ಎತ್ತಿದಾಗ ಪಾದ ಉಬ್ಬಿಕೊಂಡು ಬಂದಿರುತ್ತದೆ. ಅದರ ಸುತ್ತ ರಟ್ಟಿನ ಬೇಲಿ ಕಟ್ಟಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದರೆ ಮೊದಲಿನಂತೆ ತಗ್ಗಾದ ಅಚ್ಚು ಸಿಗುತ್ತದೆ.

ಪ್ಲಾಸ್ಟರಿನ ಅಳತೆ ಎರಡು ಪಾಲು ಪುಡಿ, ಒಂದು ಪಾಲು ನೀರು. ನೀರಿಗೆ ಪುಡಿ ಉದುರಿಸಬೇಕು. ಪುಡಿಗೆ ನೀರು ಹೊಯ್ದರೆ ಗಂಟು ಕಟ್ಟುತ್ತದೆ. ಒಂದು ನಿಮಿಷ ನೆನೆಯಲು ಬಿಟ್ಟು ನಿಧಾನಕ್ಕೆ ಕಲಕಿ, ಜೋರಾಗಿ ಕಲಕಿದರೆ ನೊರೆಯ ಗುಳ್ಳೆಗಳೆಲ್ಲ ಬೆರಳಿನ ಗುರುತಿನಲ್ಲೇ ಕೂರುತ್ತವೆ. 5 ನಿಮಿಷದೊಳಗೆ ಸುರಿದು ಮುಗಿಸಿ, ತಟ್ಟೆಯ ಅಂಚನ್ನು ಮೆಲ್ಲಗೆ ತಟ್ಟಿ. ಅರ್ಧ ಗಂಟೆಯಲ್ಲಿ ಗಟ್ಟಿಯಾಗುತ್ತದೆ, ಪೂರ್ತಿ ಒಣಗಲು ಒಂದು ವಾರ ಬೇಕು.

ಒಂದು ಎಚ್ಚರಿಕೆ ಎಲ್ಲರಿಗೂ: ಗಟ್ಟಿಯಾಗುವಾಗ ಪ್ಲಾಸ್ಟರ್ ಸುಡುವಷ್ಟು ಬಿಸಿಯೇರುತ್ತದೆ. ಮಗುವಿನ ಕೈಯಾಗಲಿ ಕಾಲಾಗಲಿ ನೇರವಾಗಿ ಪ್ಲಾಸ್ಟರಿನೊಳಗೆ ಇಡಲೇಬಾರದು.

ಮೂಲ ಬಿಲ್ಲೆಯನ್ನು ಎಸೆಯಬೇಡಿ. ಗಾಳಿಯಾಡದ ಗಾಜಿನ ಭರಣಿಯಲ್ಲಿ 50 ಗ್ರಾಂ ಸಿಲಿಕಾ ಜೆಲ್ ಹಾಕಿ ಇಟ್ಟರೆ ಅದೂ ಉಳಿಯುತ್ತದೆ. ಮರಕ್ಕೆ ಪಡಿಯಚ್ಚು, ಭರಣಿಯಲ್ಲಿ ಮೂಲ.

ಹೊಲಿಗೆ ಮಂಜೇಶ್ವರ · ನವೆಂಬರ್ 7, ಮಧ್ಯಾಹ್ನ 2:30

ಬಟ್ಟೆಯವರ ಕಡೆಯಿಂದ ಒಂದಿಷ್ಟು. ಅಜ್ಜಿಯ ಕಾಸರಗೋಡು ಸೀರೆ ಹರಿದಿದ್ದರೆ ಅದರ ಅಂಚು, ಸೆರಗಿನಿಂದ ಚಿಕ್ಕ ನಕ್ಷತ್ರ, ಹಕ್ಕಿ, ಮೀನು ಹೊಲಿದು ಮೊಮ್ಮಕ್ಕಳಿಗೆಲ್ಲ ಒಂದೊಂದು ಕೊಡಬಹುದು. ಹತ್ತಿಯದಾದ್ದರಿಂದ ಬಾಳುತ್ತದೆ. ಆದರೆ ಮೊದಲು ಗಂಜಿ ಹೋಗಬೇಕು. ಬೂಷ್ಟು ಹಿಡಿಯುವುದೂ, ಹುಳ ತಿನ್ನುವುದೂ ನೂಲಿಗಿಂತ ಮೊದಲು ಆ ಗಂಜಿಯನ್ನು. ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ ತಿಕ್ಕಿ, ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಸಲ ಬದಲಾಯಿಸಿ. ಬಣ್ಣ ಬಿಡುತ್ತದೋ ಎಂದು ಮೊದಲು ಅಂಚಿನ ಮೂಲೆಯನ್ನು ಬಿಳಿ ಬಟ್ಟೆಗೆ ಒತ್ತಿ ನೋಡಿ. ಬಿಡುವುದಾದರೆ ಬಿಸಿನೀರು ಬೇಡ, ತಣ್ಣೀರಿನಲ್ಲೇ ಹೆಚ್ಚು ಸಲ ಜಾಲಿಸಿ.

ಹಳೇ ಬಟ್ಟೆ ಜೀರ್ಣವಾಗಿದ್ದರೆ ಹಿಂದೆ ಹೊಸ ಮುಲ್ ಬಟ್ಟೆಯ ತುಂಡು ಕೊಟ್ಟು ಎರಡನ್ನೂ ಸೇರಿಸಿ ಹೊಲಿಯಿರಿ, ಹೊಲಿಗೆಯ ಎಳೆತ ಹೊಸ ಬಟ್ಟೆಗೆ ಹೋಗುತ್ತದೆ. ಒಳಗೆ ತುಂಬಲು ಬೂರುಗದ ಹತ್ತಿ ಚೆನ್ನ, ಬೀಜ ಒಂದೂ ಉಳಿಯಬಾರದು. ಅಕ್ಕಿ, ರಾಗಿ, ಲವಂಗ, ಚಕ್ಕೆ ತುಂಬಬೇಡಿ; ಪರಿಮಳ ಒಂದು ವರ್ಷ, ಹುಳ ಮರುವರ್ಷ. ಕಬ್ಬಿಣದ ಗುಂಡುಪಿನ್ ಒಂದು ಒಳಗೆ ಮರೆತರೂ ತುಕ್ಕಿನ ಕಲೆ ಬಟ್ಟೆಯಿಂದ ಹೋಗುವುದಿಲ್ಲ, ಅದಕ್ಕೇ ಪಿನ್ನುಗಳನ್ನು ಎಣಿಸಿ ಚುಚ್ಚಿ, ಎಣಿಸಿ ತೆಗೆಯಿರಿ.

ಕಣ್ಣಿಗೆಂದು ಗುಲಗಂಜಿ ಹೊಲಿಯುವವರಿದ್ದಾರೆ. ಬೇಡ. ತೂತು ಕೊರೆದ ಗುಲಗಂಜಿಯನ್ನು ಮಗು ಬಾಯಿಗೆ ಹಾಕಿಕೊಂಡರೆ ಪ್ರಾಣಕ್ಕೇ ಅಪಾಯ. ಮಲೆಯಾಳದಲ್ಲಿ ಮಂಜಾಡಿ ಎನ್ನುವ ಪೂರ್ತಿ ಕೆಂಪು ಬೀಜ ನೋಡಲು ಚಂದವೇ, ಆದರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಗಾತ್ರದ್ದು. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಕಣ್ಣನ್ನು ದಾರದಿಂದಲೇ ಕಸೂತಿ ಮಾಡಿ.

ಗೆರಟೆ ಕುಂಬಳೆ · ನವೆಂಬರ್ 7, ರಾತ್ರಿ 8:50

ಈಗ ನನ್ನ ವಿಷಯಕ್ಕೆ ಬರುತ್ತೇನೆ. ತೆಂಗಿನ ಸಂಶೋಧನೆ 1916ರಲ್ಲೇ ಶುರುವಾದ ಊರು ನಮ್ಮ ಕಾಸರಗೋಡು, ಗೆರಟೆಗೆ (ತೆಂಗಿನ ಚಿಪ್ಪಿಗೆ) ಬರವಿಲ್ಲ. ಸುಟ್ಟ ಮಣ್ಣು ಬಿಟ್ಟರೆ ನಮ್ಮ ಹವೆಗೆ ಇಷ್ಟು ಒಗ್ಗುವ ಇನ್ನೊಂದು ವಸ್ತು ಸಿಗದು. ಬಿಲ್ಲೆ ಒಂದು 8–10 ಗ್ರಾಂ, ಗಾಳಿಮರದ ತುದಿಗೂ ಭಾರವಲ್ಲ.

ಚೆನ್ನಾಗಿ ಬಲಿತ ಕಾಯಿಯದ್ದೇ ಬೇಕು. ಎಳೆಗೆರಟೆ ಒಣಗುತ್ತಾ ಸೊಟ್ಟಗಾಗಿ ಸೀಳುತ್ತದೆ. ಹೊರಗಿನ ನಾರನ್ನು ಚೂರಿಯಿಂದ ಹೆರೆದು, ಪಾಲಿಶ್ ಕಾಗದ 80ರಿಂದ ಶುರುಮಾಡಿ 120, 220, 400 ಎಂದು ಏರುತ್ತಾ ಹೋಗಿ. ಒಂದು ನಂಬರನ್ನು ಹಾರಿಸಿದರೆ ಹಿಂದಿನದರ ಗೀರು ಕೊನೆಯವರೆಗೂ ಉಳಿಯುತ್ತದೆ. ಒಳಬದಿಯನ್ನು ಮರೆಯಬೇಡಿ. ತಿರುಳಿಗೆ ಅಂಟಿದ್ದ ಕಂದು ಸಿಪ್ಪೆ ಚೂರೇ ಚೂರು ಉಳಿದರೂ ಅದರಲ್ಲಿ ಎಣ್ಣೆ ಇದೆ, ಜುಲೈಯಲ್ಲಿ ಅಲ್ಲೇ ಹಸಿರು ಬೂಷ್ಟು ಏಳುತ್ತದೆ. "ಗೆರಟೆ ಬೂಷ್ಟು ಹಿಡಿಯಿತು" ಎನ್ನುವವರು ನೋಡಬೇಕಾದದ್ದು ಅದನ್ನೇ, ಗೆರಟೆಯದ್ದು ತಪ್ಪಿಲ್ಲ.

ನೇರ ಕೊಯ್ಯಲು ಹ್ಯಾಕ್ಸಾ ಬ್ಲೇಡ್ ಸಾಕು. ನಕ್ಷತ್ರ, ಪಾರಿವಾಳದಂಥ ಬಾಗು ಆಕಾರಕ್ಕೆ ತೆಳು ಬ್ಲೇಡಿನ ಫ್ರೆಟ್ ಗರಗಸ ಬೇಕು. ತೂತನ್ನು ಆಕಾರ ಕೊಯ್ಯುವ ಮೊದಲೇ ಕೊರೆಯಿರಿ, 2 ಮಿ.ಮೀ. ಬಿಟ್, ಕೆಳಗೆ ಮರದ ತುಂಡು. ಕೊಯ್ದ ಮೇಲೆ ಕೊರೆದರೆ ನಕ್ಷತ್ರದ ಮೂಲೆ ಹಾರಿಹೋಗುತ್ತದೆ. ಗೆರಟೆಯ ಧೂಳು ಬಹಳ ನಯ, ಬಾಯಿ ಮೂಗು ಮುಚ್ಚಿಕೊಳ್ಳದೆ ಉಜ್ಜಬಾರದು.

ಹೊಳಪಿಗೆ ತೆಂಗಿನೆಣ್ಣೆ ತಿಕ್ಕುವ ರೂಢಿ ಇದೆ. ಒಂದು ತಿಂಗಳು ಮಿರಮಿರ ಎನ್ನುತ್ತದೆ, ಆಮೇಲೆ ಧೂಳು ಕೂತು ಜಿಡ್ಡಾಗುತ್ತದೆ. ಅರಗಿನ ಪಾಲಿಶ್ ಹಾಕಿ: 100 ಗ್ರಾಂ ಅರಗಿನ ಚಕ್ಕೆ, ಅರ್ಧ ಲೀಟರ್ ಪಾಲಿಶಿನ ಸ್ಪಿರಿಟ್, ಒಂದು ರಾತ್ರಿ ನೆನೆಸಿ ಬಟ್ಟೆಯಲ್ಲಿ ಸೋಸಿ, ತೆಳುವಾಗಿ ಮೂರು ಕೈ, ನಡುವೆ ಎರಡೆರಡು ಗಂಟೆ. ಥಂಡಿ (ತೇವದ) ದಿನ ಹಚ್ಚಿದರೆ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಬಿಸಿಲಿರುವ ಮಧ್ಯಾಹ್ನವೇ ಹಚ್ಚಬೇಕು, ಬೆಂಕಿಯಿಂದ ದೂರ.

ಹೆಸರು ಸುಟ್ಟು ಬರೆಯುವುದು ಪಾಲಿಶ್‌ಗೆ ಮೊದಲು, 220ರ ಕಾಗದ ಮುಗಿದ ಮೇಲೆ. ಪೆನ್ಸಿಲಿನಲ್ಲಿ ಬರೆದುಕೊಂಡು ಅದರ ಮೇಲೆ ಕಾದ ಮೊನೆ ಓಡಿಸಿ. ನಮ್ಮ ಅಕ್ಷರಗಳೆಲ್ಲ ದುಂಡು, ಗೆರಟೆಯ ಬಾಗಿಗೆ ಹೊಂದಿಕೊಂಡು ಕೂರುತ್ತವೆ. ಮೊನೆಯನ್ನು ಎಲ್ಲೂ ನಿಲ್ಲಿಸಬಾರದು, ನಿಂತಲ್ಲಿ ಗುಳಿ ಬೀಳುತ್ತದೆ. ತಲೆಕಟ್ಟು, ಒತ್ತಕ್ಷರ ಕೊನೆಗೆ.

ಬದಿಯಡ್ಕ ಸಲಕೆ · ನವೆಂಬರ್ 8, ಬೆಳಿಗ್ಗೆ 7:05

ಮನೆಯ ಹೊರಗೆ ತೂಗುವ ನಕ್ಷತ್ರವನ್ನು ಯಾರೂ ಹೇಳಲಿಲ್ಲ. ಅದರ ಕಾಗದ ವರ್ಷವರ್ಷ ಹರಿಯಲಿ, ಚೌಕಟ್ಟು ತಲೆಮಾರು ದಾಟಬಹುದು.

ಅಡಿಕೆ ಮರದ ಹೊರಭಾಗದ ಬಲಿತ ಸಲಕೆ (ಸೀಳಿದ ಪಟ್ಟಿ) ಬಿದಿರಿಗಿಂತ ಒಳ್ಳೆಯದು. ಬಿದಿರೇ ಆದರೆ ಸೀಳಿ ಎರಡು ಮೂರು ವಾರ ಹೊಳೆಯಲ್ಲೋ ತೋಡಿನಲ್ಲೋ ಮುಳುಗಿಸಿಟ್ಟು ನೆರಳಲ್ಲಿ ಒಣಗಿಸಿ. ಒಳಗಿನ ಪಿಷ್ಟ ನೀರಿಗೆ ಬಿಟ್ಟುಹೋದರೆ ಕುಟ್ಟೆಹುಳ ಹಿಡಿಯುವುದು ಬಹಳ ಕಡಿಮೆ.

60 ಸೆಂ.ಮೀ. ಉದ್ದ, 8 ಮಿ.ಮೀ. ಅಗಲದ 10 ಕಡ್ಡಿ. ಪ್ರತಿ ಕಡ್ಡಿಗೂ ಎರಡೂ ತುದಿಯಿಂದ 23 ಸೆಂ.ಮೀ.ಗೆ ಗುರುತು ಹಾಕಿ. ಐದೈದು ಕಡ್ಡಿಗಳಿಂದ ಎರಡು ನಕ್ಷತ್ರ ಹೆಣೆಯುವಾಗ ಕಡ್ಡಿಗಳು ಒಂದನ್ನೊಂದು ದಾಟುವುದು ಸರಿಯಾಗಿ ಆ ಗುರುತಿನಲ್ಲೇ. ಹೆಣೆಯುವುದು ಒಂದು ಮೇಲೆ, ಒಂದು ಕೆಳಗೆ. ಹೆಚ್ಚಿನವರ ನಕ್ಷತ್ರ ಒಂದು ಕಡೆಗೆ ವಾಲುವುದು ಗುರುತು ಹಾಕದೆ ಕಣ್ಣಳತೆಯಲ್ಲಿ ಕಟ್ಟುವುದರಿಂದ. ಎರಡೂ ನಕ್ಷತ್ರಗಳ ಐದು ತುದಿಗಳನ್ನು ಜೋಡಿಸಿ ಕಟ್ಟಿ, ನಡುವಿನ ಐದು ದಾಟುಗಳಲ್ಲಿ 12 ಸೆಂ.ಮೀ.ನ ಐದು ತಡೆಕಡ್ಡಿ ನಿಲ್ಲಿಸಿದರೆ ಹೊಟ್ಟೆ ಉಬ್ಬುತ್ತದೆ. ಕಟ್ಟಲು ಮೇಣ ತಿಕ್ಕಿದ ಹತ್ತಿ ನೂಲು. ಕಬ್ಬಿಣದ ತಂತಿ ಸಮುದ್ರದ ಗಾಳಿಗೆ ಎರಡೇ ವರ್ಷದಲ್ಲಿ ತುಕ್ಕು ಹಿಡಿದು ಕಾಗದವನ್ನೂ ಕೆಂಪಾಗಿಸುತ್ತದೆ.

ಕಾಗದ ಮುಂದೆ 5, ಹಿಂದೆ 5, ಬದಿಗಳಿಗೆ 10 ತ್ರಿಕೋನ, ಮುಂದೆ ಒಂದು ಪಂಚಕೋನ. ಹಿಂದಿನ ಪಂಚಕೋನವನ್ನು ತೆರೆದು ಬಿಡಿ, ಬಲ್ಬ್ ಹಾಕಲು. ಎಲ್‌ಇಡಿ ಬಲ್ಬೇ ಇರಲಿ.

ತಡೆಕಡ್ಡಿಗಳ ಮೇಲೆ ವರ್ಷ ಕೊರೆಯುತ್ತಾ ಹೋಗಿ. ಅಪ್ಪ ಕಟ್ಟಿದ ಚೌಕಟ್ಟಿಗೆ ಮಕ್ಕಳು ಕಾಗದ ಅಂಟಿಸಿದ ವರ್ಷಗಳೆಲ್ಲ ಅದರ ಮೇಲೇ ಇರುತ್ತವೆ.

ಅಂಟಿಗೆ 100 ಗ್ರಾಂ ಮೈದಾ, 600 ಮಿ.ಲೀ. ನೀರು, ಕುದಿಸಿ ಗಂಜಿ ಮಾಡಿ. ಇಳಿಸಿದ ಮೇಲೆ ಅರ್ಧ ಟೀ ಚಮಚ ಮೈಲುತುತ್ತು ನೀರಲ್ಲಿ ಕರಗಿಸಿ ಬೆರೆಸಿ. ಅಡಿಕೆಯ ಕೊಳೆರೋಗಕ್ಕೆ ಬಿಡಲು ತಂದದ್ದು ಮನೆಮನೆಯಲ್ಲೂ ಇರುತ್ತದೆ. ಜಿರಲೆ ಹತ್ತಿರ ಸುಳಿಯುವುದಿಲ್ಲ. ಅಲ್ಯೂಮಿನಿಯಂ, ಕಬ್ಬಿಣದ ಪಾತ್ರೆಗೆ ಹಾಕಬೇಡಿ, ತಿಂದುಬಿಡುತ್ತದೆ. ಪ್ಲಾಸ್ಟಿಕ್ ಡಬ್ಬಿ ಸಾಕು. ವಿಷ ಅದು, ಅಂಟು ಮಾಡಿದ ಡಬ್ಬಿಯನ್ನು ಮತ್ತೆ ಅಡುಗೆಮನೆಗೆ ತರಬಾರದು.

ಗಾಜಿನ ಪೆಟ್ಟಿಗೆ · ನವೆಂಬರ್ 8, ಬೆಳಿಗ್ಗೆ 9:30

ಮೈಲುತುತ್ತಿನ ಬಗ್ಗೆ ಒಂದು ಮಾತು. ಪುಸ್ತಕ ಕಟ್ಟುವವರಲ್ಲೂ ಆ ರೂಢಿ ಇದೆ ನಿಜ, ಆದರೆ ತಾಮ್ರದ ಅಂಶ ಕಾಲ ಕಳೆದಂತೆ ಕಾಗದವನ್ನು ಕಂದಾಗಿಸಿ ಪುಡಿಮಾಡುತ್ತದೆ. ವರ್ಷಕ್ಕೊಮ್ಮೆ ಕಿತ್ತೆಸೆಯುವ ನಕ್ಷತ್ರದ ಕಾಗದಕ್ಕೆ ಆಗಬಹುದು. ಉಳಿಸಬೇಕಾದ ಕಾಗದದ ಅಲಂಕಾರಕ್ಕೆ, ಫೋಟೋ ಅಂಟಿಸುವುದಕ್ಕೆ ಬೇಡವೇ ಬೇಡ.

ಬದಿಯಡ್ಕ ಸಲಕೆ · ನವೆಂಬರ್ 8, ಬೆಳಿಗ್ಗೆ 9:48

ಒಪ್ಪಿದೆ. ಚೌಕಟ್ಟಿನ ಕಾಗದಕ್ಕೆ ಮಾತ್ರ.

ಗಾಜಿನ ಪೆಟ್ಟಿಗೆ · ನವೆಂಬರ್ 8, ಬೆಳಿಗ್ಗೆ 10:20

ಕೊಂಡು ಕೂಡಿಸುವವರಿಗೆ. ಗಾಜಿನ ಬಾಲ್‌ಗಳ ತವರು ಜರ್ಮನಿಯ ತ್ಯೂರಿಂಗಿಯಾದ ಲೌಶಾ ಎಂಬ ಊರು. 1597ರಿಂದ ಅಲ್ಲಿ ಗಾಜಿನ ಕೆಲಸ ನಡೆಯುತ್ತಿದೆ, ಮರಕ್ಕೆ ಕಟ್ಟುವ ಬಾಲ್‌ಗಳು 19ನೇ ಶತಮಾನದ ನಡುವಿನಿಂದ. ನಮ್ಮ ದೇಶದಲ್ಲೂ ಬಳೆಗೆ ಹೆಸರಾದ ಉತ್ತರಪ್ರದೇಶದ ಫಿರೋಜಾಬಾದಿನಲ್ಲಿ ಗಾಜಿನ ಕ್ರಿಸ್ಮಸ್ ಅಲಂಕಾರ ತಯಾರಾಗಿ ಹೊರದೇಶಕ್ಕೆ ಹೋಗುತ್ತದೆ.

ಬೆಳ್ಳಿಹೊಳಪು ಹೊರಗಿನದಲ್ಲ, ಒಳಗಿನದು. ಊದಿದ ಗುಂಡಿನೊಳಗೆ ಬೆಳ್ಳಿಯ ದ್ರಾವಣ ಹಾಕಿ, ಬೆಚ್ಚಗೆ ಕುಲುಕಿ, ಒಳಗೋಡೆಗೆ ಕನ್ನಡಿಯ ಪೊರೆ ಕೂರಿಸುತ್ತಾರೆ. ಬಣ್ಣ ಹೊರಗೆ. ಹಾಗಾಗಿ ತೇವ ಬಾಲ್‌ನ ಕತ್ತಿಗೆ ಹಾಕಿದ ಲೋಹದ ಟೋಪಿಯ ಸಂದಿನಿಂದ ಒಳನುಗ್ಗಿದರೆ ಒಳಗಿನ ಹೊಳಪು ಮೀನಿನ ಪೊರೆಯಂತೆ ಏಳುತ್ತದೆ, ಅದನ್ನು ಸರಿಮಾಡುವ ದಾರಿಯಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದರೆ ಹೊರಗಿನ ಬಣ್ಣ ಬರುತ್ತದೆ. ಒಣಗಿದ ಮೆತ್ತನೆಯ ಕುಂಚ, ಅಷ್ಟೇ.

ಒಡೆಯುವುದು ಹೆಚ್ಚಾಗಿ ಕತ್ತಿನಲ್ಲಿ. ಟೋಪಿಯೊಳಗಿನ ತಂತಿಯ ಎರಡು ಕಾಲುಗಳು ಹೊರಕ್ಕೆ ಚಿಮ್ಮುವಂತಿರುತ್ತವೆ. ಟೋಪಿಯನ್ನು ಹಾಗೇ ಎಳೆದರೆ ಅವು ಗಾಜಿನ ಅಂಚನ್ನು ಮೀಟುತ್ತವೆ. ಕಾಲುಗಳನ್ನು ಎರಡು ಬೆರಳಲ್ಲಿ ಹಿಸುಕಿ ಹಿಡಿದೇ ತೆಗೆಯಬೇಕು, ಹಾಕಬೇಕು. ಬಾಲನ್ನು ಹಿಡಿಯುವುದು ಹೊಟ್ಟೆಯಲ್ಲಿ, ಕತ್ತಿನಲ್ಲಲ್ಲ.

ಅಮೆರಿಕದಲ್ಲಿರುವ ಬಂಧುಗಳಿಂದ ಹಳೇ ಪೆಟ್ಟಿಗೆ ಬಂದರೆ ಟೋಪಿ ನೋಡಿ. ಎರಡನೇ ಮಹಾಯುದ್ಧದಲ್ಲಿ ಲೋಹದ ಬರ ಬಂದಾಗ ಅಲ್ಲಿ ರಟ್ಟಿನ ಟೋಪಿಯ, ಒಳಗೆ ಬೆಳ್ಳಿಯಿಲ್ಲದ, ಬರೀ ಬಣ್ಣದ ಗೆರೆಗಳ ಪಾರದರ್ಶಕ ಬಾಲ್‌ಗಳು ಬಂದವು. ಮಂಕಾಗಿ ಕಾಣುತ್ತದೆಂದು ಅದನ್ನು ಎಸೆಯಬೇಡಿ, ರಟ್ಟಿನ ಟೋಪಿ ಬದಲಾಯಿಸಲೂ ಬೇಡಿ.

ಶ್ರೀನಗರದ ಪೇಪರ್ ಮಾಶೆ ಬಾಲ್‌ಗಳೂ ಕೂಡಿಸಲು ಯೋಗ್ಯ. ಕಾಗದವನ್ನು ದಿನಗಟ್ಟಲೆ ನೆನೆಸಿ, ಕುಟ್ಟಿ, ಅನ್ನದ ಗಂಜಿ ಬೆರೆಸಿ ಅಚ್ಚಿಗೆ ಹಾಕುವ ಕೆಲಸ ಸಖ್ತ್‌ಸಾಜಿ, ಮೇಲಿನ ಚಿತ್ರ ನಕ್ಕಾಶಿ. ಕೈಯಲ್ಲಿ ಬರೆದದ್ದಾದರೆ ಎರಡು ಹೂಗಳು ಒಂದೇ ತರ ಇರುವುದಿಲ್ಲ, ಗೆರೆಯ ಕೊನೆ ತೆಳುವಾಗಿ ಮುಗಿಯುತ್ತದೆ. ಕೊಕ್ಕೆ ಸಿಕ್ಕಿಸಿದ ತೂತಿನ ಸುತ್ತ ವಾರ್ನಿಶ್ ಇರುವುದಿಲ್ಲ, ಅಲ್ಲಿ ಒಂದು ಹನಿ ಬಣ್ಣವಿಲ್ಲದ ಉಗುರುಪಾಲಿಶ್ ಬಿಡಿ.

ಉಪ್ಪಳ ಹೊಳೆಬದಿ · ನವೆಂಬರ್ 8, ಸಂಜೆ 4:15

ಖರ್ಚಿಲ್ಲದ್ದು ಒಂದು: ಮೊಟ್ಟೆಯ ಚಿಪ್ಪು. ಕೋಳಿಗಿಂತ ಬಾತುಕೋಳಿಯದ್ದು ದಪ್ಪ, ಅದನ್ನೇ ತನ್ನಿ. ದಬ್ಬಣದಿಂದ ಚೂಪು ತುದಿಗೆ 2 ಮಿ.ಮೀ., ಅಗಲ ತುದಿಗೆ 4 ಮಿ.ಮೀ. ತೂತು ಕೊರೆದು, ಒಳಗಿನ ಹಳದಿಯನ್ನು ಚುಚ್ಚಿ ಕದಡಿ, ಚೂಪಿನ ಕಡೆಯಿಂದ ಊದಿ ಖಾಲಿ ಮಾಡಿ. ಸೂಜಿಯಿಲ್ಲದ ಸಿರಿಂಜ್‌ನಿಂದ ಸಾಬೂನು ನೀರು, ಆಮೇಲೆ ಬರೀ ನೀರು. ವಿನೆಗರ್‌ನಲ್ಲಿ ನೆನೆಸಬೇಡಿ, ಚಿಪ್ಪು ಸುಣ್ಣವಾದ್ದರಿಂದ ಕರಗಿ ತೆಳುವಾಗುತ್ತದೆ. ಎರಡು ದಿನ ಒಣಗಿಸಿ.

ಗಟ್ಟಿಯಾಗಬೇಕೆಂದರೆ ಫೆವಿಕಾಲ್ ಮತ್ತು ನೀರು ಸಮಸಮ, ಒಂದು ಟೀ ಚಮಚ ಒಳಗೆ ಬಿಟ್ಟು ಎಲ್ಲ ಕಡೆ ಹರಿಯುವಂತೆ ತಿರುಗಿಸಿ, ಉಳಿದದ್ದನ್ನು ಸುರಿದು, ತೂತು ಕೆಳಗಾಗಿ ಒಣಗಿಸಿ. ಮೂರು ಸಲ. ಆಮೇಲೆ ಬಿರುಕು ಬಿಟ್ಟರೂ ಚೂರಾಗುವುದಿಲ್ಲ. ಮೇಲಿಂದ ಕೆಳಕ್ಕೆ ದಾರ ಪೋಣಿಸಿ ಕೆಳಗೊಂದು ಮಣಿ ಕಟ್ಟಿದರೆ ಭಾರವೆಲ್ಲ ಮಣಿಯ ಮೇಲೆ.

ಕಬ್ಬಿಣದ ತಂತಿ ಬೇಡವೆಂದು ಮೇಲೆ ಹೇಳಿದ್ದಾರೆ, ಕೊಕ್ಕೆಗೂ ಅದೇ ಮಾತು. ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ಉಳಿಕೆ ತಾಮ್ರದ ತಂತಿ ಸಿಗುತ್ತದೆ, 24 ಗೇಜ್. ಮೇಲೆ ಲೇಪವಿರುವುದರಿಂದ ಹಸಿರು ಕಟ್ಟುವುದಿಲ್ಲ.

ಬೇಳದಕ್ಕ · ನವೆಂಬರ್ 8, ರಾತ್ರಿ 9:00

ಇಷ್ಟು ವಿವರ ಸಿಗುತ್ತದೆಂದು ಎಣಿಸಿರಲಿಲ್ಲ. ಈಗ ಇಡುವ ವಿಷಯ. ಬಿಸ್ಕತ್ತಿನ ತಗಡಿನ ಡಬ್ಬಿ, ಪತ್ರಿಕೆಯ ಕಾಗದ, ನುಸಿಗುಳಿಗೆ: ಸಾಕಲ್ಲವೇ?

ಗಾಜಿನ ಪೆಟ್ಟಿಗೆ · ನವೆಂಬರ್ 8, ರಾತ್ರಿ 10:40

ಮೂರೂ ಬೇಡ. ತಗಡು ತುಕ್ಕು ಹಿಡಿಯುತ್ತದೆ. ಪತ್ರಿಕೆಯ ಶಾಯಿ ಬಣ್ಣಕ್ಕೆ ಅಂಟುತ್ತದೆ, ಕಾಗದದ ಹುಳಿ ಬಟ್ಟೆಯನ್ನು ಹಳದಿ ಮಾಡುತ್ತದೆ. ನುಸಿಗುಳಿಗೆಯ ಆವಿ ಥರ್ಮೊಕೋಲನ್ನು ಮೆತ್ತಗೆ ಮಾಡಿ ಅಂಟಿಸಿಬಿಡುತ್ತದೆ. ಥರ್ಮೊಕೋಲ್ ಗುಂಡಿನ ಮೇಲೆ ಮಾಡಿದ ಅಲಂಕಾರ ಒಳಗಿದ್ದರೆ ನುಸಿಗುಳಿಗೆ ಖಂಡಿತ ಕೂಡದು. ಸ್ಪ್ರೇ ಬಣ್ಣವೂ ಥರ್ಮೊಕೋಲನ್ನು ಕರಗಿಸುತ್ತದೆ, ಬಣ್ಣ ಹಚ್ಚುವುದಾದರೆ ನೀರಿನಲ್ಲಿ ಕಲಸುವಂಥದ್ದು. ಗುಳ್ಳೆ ಪ್ಲಾಸ್ಟಿಕ್ಕೂ ಬೇಡ, ಒಳಗೆ ತೇವ ಹಿಡಿದು ಬಣ್ಣದ ಮೇಲೆ ದುಂಡು ದುಂಡು ಗುರುತು ಬಿಡುತ್ತದೆ.

ಮುಚ್ಚಳಕ್ಕೆ ರಬ್ಬರಿನ ಅಂಚಿರುವ ಪ್ಲಾಸ್ಟಿಕ್ ಡಬ್ಬಿ ತನ್ನಿ, 10 ಲೀಟರಿನದು. ಸುತ್ತಲು ಹಳೇ ಹತ್ತಿ ಪಂಚೆಯ ತುಂಡು, ಗಂಜಿ ಹಾಕದೆ ಒಗೆದದ್ದು. ಭಾರವಾದ ಮಣ್ಣು, ಪ್ಲಾಸ್ಟರ್ ಬೇರೆ ಡಬ್ಬಿ. ಗಾಜು, ಮೊಟ್ಟೆಚಿಪ್ಪು ಬೇರೆ. ಗಾಜಿಗೆ ರಟ್ಟಿನ ಪಟ್ಟಿಗಳಿಂದ ಮನೆ ಮಾಡಿ, ಒಂದೇ ಪದರ, ಮೇಲೊಂದು ಪೇರಿಸಬಾರದು.

ಡಬ್ಬಿಗೆ 100 ಗ್ರಾಂ ಸಿಲಿಕಾ ಜೆಲ್, ಬಟ್ಟೆಯ ಚೀಲದಲ್ಲಿ. ಕಿತ್ತಳೆಯಿಂದ ಹಸಿರಿಗೆ ತಿರುಗುವ ಬಗೆಯನ್ನು ಕೇಳಿ. ಹಸಿರಾದರೆ ನೀರು ಕುಡಿದಿದೆ. ಓವನ್‌ನಲ್ಲಿ 120 ಡಿಗ್ರಿಗೆ ಒಂದೆರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆ.

ಡಬ್ಬಿ ಮುಚ್ಚುವ ದಿನವೇ ಎಲ್ಲಕ್ಕಿಂತ ಮುಖ್ಯ. ಜನವರಿ 6ರ ಮೂರು ರಾಯರ ಹಬ್ಬ ಕಳೆದ ಮೇಲೆ ಎಲ್ಲವನ್ನೂ ಇಳಿಸಿ, ಮೂರು ನಾಲ್ಕು ದಿನ ಕೋಣೆಯೊಳಗೆ ಹರಡಿ, ಒಣಹವೆಯ ಮಧ್ಯಾಹ್ನ ಮುಚ್ಚಿ. ಗೋದಲಿಯ ಪಕ್ಕದಲ್ಲಿದ್ದವು ಅಲ್ಲಿ ಹಸಿರಿಗೆಂದು ಇಡುವ ರಾಗಿ ಮೊಳಕೆಯ ತಟ್ಟೆಯ ತೇವ ಹೀರಿರುತ್ತವೆ, ಅವಕ್ಕೆ ಎರಡು ದಿನ ಹೆಚ್ಚು ಬೇಕು. ಹಸಿ ಒಳಗಿದ್ದೇ ಮುಚ್ಚಿದರೆ ಬಿಗಿಯಾದ ಡಬ್ಬಿಯೇ ಬೂಷ್ಟಿನ ಮನೆಯಾಗುತ್ತದೆ. ಮಳೆಗಾಲದಲ್ಲಿ "ಹೇಗಿದೆ ನೋಡೋಣ" ಎಂದು ತೆರೆಯಬೇಡಿ. ಇಡುವ ಜಾಗ ಅಟ್ಟವಲ್ಲ, ನೆಲವೂ ಅಲ್ಲ. ಒಳಗೋಡೆಯ ಕಪಾಟಿನ ನಡು ಅರೆ. ಅಟ್ಟದಲ್ಲಿ ಏಪ್ರಿಲ್ ಸೆಕೆಗೆ ಮೇಣ, ಅರಗು ಮೆತ್ತಗಾಗುತ್ತವೆ, ನೆಲದಲ್ಲಿ ಒರಲೆ.

ಹೊಲಿಗೆ ಮಂಜೇಶ್ವರ · ನವೆಂಬರ್ 9, ಬೆಳಿಗ್ಗೆ 8:20

ಹೆಸರು ಬರೆಯುವ ಬಗ್ಗೆಯೂ ಹೇಳಿಬಿಡೋಣ. ಜೆಲ್ ಪೆನ್ನು ತೇವಕ್ಕೆ ಹರಡುತ್ತದೆ, ಬಾಲ್ ಪೆನ್ನು ಮಾಸುತ್ತದೆ. ಚೀಟಿಗೆ ಪೆನ್ಸಿಲೇ ಗಟ್ಟಿ. ಬಟ್ಟೆಗೆ ಹಿಂಬದಿಯಲ್ಲಿ ದಾರದಿಂದಲೇ ಹೆಸರು, ವರ್ಷ.

ಒಂದು ನೋಟ್‌ಬುಕ್ ಇಡಿ. ಪ್ರತಿ ಅಲಂಕಾರಕ್ಕೊಂದು ನಂಬರು. ಪುಸ್ತಕದಲ್ಲಿ ನಂಬರು, ವರ್ಷ, ಯಾರದ್ದು, ಯಾರು ಮಾಡಿದ್ದು, ಯಾವ ವಸ್ತು, ಯಾವಾಗ ರಿಪೇರಿ. "ಅಜ್ಜಿಯ ಹಸಿರು ಸೀರೆ, ಸೆರಗಿನ ಬಲಮೂಲೆ" ಎಂಬಷ್ಟು ನಿಖರವಾಗಿ ಬರೆಯಿರಿ. ಮನೆಯಲ್ಲಿ ಕೊಂಕಣಿ, ತುಳು, ಶಾಲೆಯಲ್ಲಿ ಮಲೆಯಾಳ, ಇಂಗ್ಲಿಷ್ ಇರುವ ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ತಮ್ಮ ಹೆಸರು ಕನ್ನಡದಲ್ಲಿ ಕೈಗೆ ಸಿಗಲಿ. ಪುಸ್ತಕ ಕನ್ನಡದಲ್ಲೇ ಇರಲಿ ಎಂದು ನನ್ನ ಒತ್ತಾಯ.

ಹಂಚಿಕೆಯ ಜಗಳ ಬಾರದಿರಲು ಮೊದಲ ವರ್ಷವೇ ನಿಯಮ ಮಾಡಿ: ಮಗುವಿನ ಹೆಸರಿರುವುದು ಮಗುವಿಗೆ, ಹೆಸರಿಲ್ಲದ್ದು ಮೂಲ ಮನೆಗೆ. ಸೀರೆಯಂಥ ಮತ್ತೆ ಸಿಗದ ಬಟ್ಟೆಯಿಂದ ಎಷ್ಟು ಮೊಮ್ಮಕ್ಕಳೋ ಅದಕ್ಕಿಂತ ಎರಡು ಹೆಚ್ಚು ಹೊಲಿದಿಡಿ, ಇನ್ನೂ ಹುಟ್ಟಬೇಕಾದವರಿಗೆ.

ಬೇಳದಕ್ಕ · ನವೆಂಬರ್ 9, ರಾತ್ರಿ 8:30

ಹಾಗಾದರೆ ಈ ವರ್ಷ ಪಾದದ ಅಚ್ಚು ಸುಟ್ಟ ಮಣ್ಣಿನಲ್ಲಿ, ನಾದಿನಿಯ ಮನೆಯದಕ್ಕೆ ಪಡಿಯಚ್ಚು, ಸೀರೆಯ ನಕ್ಷತ್ರ ಏಳು. ಡಿಸೆಂಬರ್ ಮೊದಲ ವಾರ ಮಣ್ಣು ತರುತ್ತೇನೆ.

ಆವೆಮಣ್ಣು · ನವೆಂಬರ್ 9, ರಾತ್ರಿ 9:05

ಅಷ್ಟು ತಡಮಾಡಬೇಡಿ ಅಕ್ಕ. ಒಣಗಲು 10 ದಿನ, ಮೋಡ ಕವಿದರೆ 15. ಆವೆ ತುಂಬುವಷ್ಟು ಮಡಕೆ ಸೇರಿದಾಗಲೇ ಕುಂಬಾರರು ಬೆಂಕಿ ಹಾಕುವುದು, ನಮ್ಮ ಒಂದು ಬಿಲ್ಲೆಗಾಗಿ ಹಾಕುವುದಿಲ್ಲ. ಡಿಸೆಂಬರ್‌ನಲ್ಲಿ ಯಾವ ದಿನ ಆವೆ ಎಂದು ಈ ವಾರವೇ ಕೇಳಿಕೊಂಡು ಬನ್ನಿ, ನವೆಂಬರ್ 20ರೊಳಗೆ ಅಚ್ಚು ಒತ್ತಿಬಿಡಿ. ಎಡಪಾದದ್ದು ಒಂದು, ಬಲಪಾದದ್ದು ಒಂದು ಮಾಡಿ. ಆವೆಯಲ್ಲಿ ಒಂದು ಬಿರಿದರೂ ಇನ್ನೊಂದಿರುತ್ತದೆ, ಎರಡೂ ಉಳಿದರೆ ಒಂದು ತವರುಮನೆಗೆ.